ಖಾಲಿ ಹಾಳೆಯ ತೂಕ

ಗೇಟಿನ ಯಂತ್ರ ಅವಳ ಕಾರ್ಡನ್ನು ಮೂರು ಸಲ ಒಲ್ಲೆನೆಂದಿತು. ಹಸಿರು ದೀಪ ಬರಬೇಕಾದಲ್ಲಿ ಕೆಂಪು ಬಂತು. ಹಿಂದೆ ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಪಕ್ಕದ ಗೇಟಿಗೆ ಸರಿದರು. ಸರಿಯುವಾಗ ಅವಳ ಮುಖ ನೋಡಿ, ಗುರುತು ಹಿಡಿದು, ಗುರುತು ಹಿಡಿದದ್ದಕ್ಕೇ ಮುಜುಗರಪಟ್ಟುಕೊಂಡು ತಲೆ ತಗ್ಗಿಸಿ ನಡೆದರು. ಕಾವಲಿನವನು ಎದ್ದು ಬಂದ. "ಹದಿನೈದು ದಿನ ಬಳಸದೇ ಇದ್ರೆ ಅದು ತಾನಾಗೇ ಸತ್ತುಹೋಗುತ್ತಮ್ಮಾ," ಅಂದವನು ನಾಲಿಗೆ ಕಚ್ಚಿಕೊಂಡು, "ಅಂದ್ರೆ, ಮುಚ್ಕೊಂಡುಬಿಡುತ್ತೆ," ಎಂದು ತಿದ್ದಿಕೊಂಡ. ಅವಳು ಬಾರದೆ ಹದಿನೇಳು ದಿನವಾಗಿತ್ತು. ಅವನು ಹೊರಗಿನವರು ಬರೆಯುವ ಪುಸ್ತಕವನ್ನು ಮುಂದಿಟ್ಟು, ಕ್ಷಮೆ ಕೇಳುವವನ ಹಾಗೆ ಪೆನ್ನಿನ ಮುಚ್ಚಳವನ್ನು ತಾನೇ ತೆಗೆದುಕೊಟ್ಟ. ಹನ್ನೆರಡು ವರ್ಷ ಇದೇ ಬಾಗಿಲಲ್ಲಿ ಕಾಲಿಟ್ಟವಳು ಹೆಸರು ಬರೆದಳು, ವೇಳೆ ಬರೆದಳು. ಯಾರನ್ನು ನೋಡಬೇಕು ಎಂಬ ಅಂಕಣದಲ್ಲಿ ಕೈ ನಿಂತಿತು. ಯಾರನ್ನು ನೋಡಬೇಕು ಎಂಬುದೇನೋ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ 'ತೂಕದ ಕೋಣೆ' ಎಂದು ಬರೆದು ಒಳಗೆ ಹೋದಳು.

ಬೆಳಿಗ್ಗೆ ಅತ್ತೆ ಕೂಡ ಕೇಳಿದ್ದರು, ಇಷ್ಟು ಬೇಗ ಯಾಕೆ ಹೋಗ್ತೀಯಮ್ಮಾ ಅಂತ. ಕಿಟಕಿಯ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾ ಕೇಳಿದ್ದರು. ದಿನಾ ಒರೆಸಿದರೂ ದಿನಾ ಕಪ್ಪು ಕೂರುವ ಅಂಚು ಅದು. ಮನೆ ರಸ್ತೆಯ ಮೇಲೆಯೇ ಇದೆ. "ಈಗಿನ ಗಾಡಿಗಳಲ್ಲಿ ಹೊಗೆಯೇ ಇಲ್ಲ ಅಂತಾರೆ, ಈ ಮಸಿ ಎಲ್ಲಿಂದ ಬರುತ್ತೋ ಕಾಣೆ," ಎಂದು ಅತ್ತೆ ಗೊಣಗಿದಾಗಲೆಲ್ಲ ಗಂಡ ತಟ್ಟೆಯ ಮುಂದೆ ಕೂತು ಪಾಠ ಶುರು ಮಾಡುತ್ತಿದ್ದ. ಹೊಗೆ ಇಲ್ಲದಿದ್ದರೇನಮ್ಮ, ಚಕ್ರ ಇದೆಯಲ್ಲ. ಟೈರು ಸವೆಯುತ್ತೆ, ರಸ್ತೆ ಸವೆಯುತ್ತೆ, ಬ್ರೇಕ್ ಹಾಕಿದಾಗಲೆಲ್ಲ ಪ್ಯಾಡು ಸವೆದು ಹಿಟ್ಟಾಗಿ ಗಾಳಿಗೆ ಹೋಗುತ್ತೆ. ಆ ಹಿಟ್ಟು ಎಷ್ಟು ಅಂತ ಅಳೆಯೋದಕ್ಕೇ ನಿನ್ನ ಸೊಸೆಗೆ ಸಂಬಳ, ಅದನ್ನ ಹುಟ್ಟಿಸೋದಕ್ಕೆ ನಿನ್ನ ಮಗನಿಗೆ ಸಂಬಳ. ಮನೆಯಲ್ಲೇ ಎಲ್ಲ ಮುಗಿದುಹೋಯ್ತು ನೋಡು, ಎಂದು ನಗುತ್ತಿದ್ದ. ಈಗ ಅತ್ತೆ ಬಟ್ಟೆ ಹಿಂಡಿ, ತಮ್ಮಷ್ಟಕ್ಕೆ ತಾವೇ ಅನ್ನುವ ಹಾಗೆ, "ಬೇಡ ಅಂದಿದ್ದನ್ನ ಮಾಡ್ತಾ ಇರಲಿಲ್ಲ, ಮಾಡ್ತೀನಿ ಅಂದಿದ್ದನ್ನ ಬಿಡ್ತಾ ಇರಲಿಲ್ಲ. ಚಿಕ್ಕವನಿದ್ದಾಗಿಂದ್ಲೂ ಹಾಗೇ," ಎಂದರು. ಮಗನನ್ನು ಹೊಗಳಲೆಂದು ಆಡಿದ ಮಾತು. ಅದನ್ನು ಕೇಳಿದ್ದೇ ಅವಳು ಚಪ್ಪಲಿ ಸಿಕ್ಕಿಸಿಕೊಂಡು ಹೊರಟುಬಿಟ್ಟಿದ್ದಳು. ಬಸ್ಸಿನಲ್ಲಿ ನಿಂತು ಬರುವಾಗ ಚಾಲಕ ಬ್ರೇಕ್ ಹಾಕಿದ್ದನ್ನು ಲೆಕ್ಕವಿಡುತ್ತಿದ್ದೇನೆಂದು ಇಪ್ಪತ್ತಮೂರನೆಯದರಲ್ಲಿ ಗೊತ್ತಾಯಿತು.

ಗಂಡ ಹದಿನೆಂಟು ವರ್ಷ ಬಸ್ಸು ಓಡಿಸಿದವನು. ಬಸ್ಸು ಬಿಟ್ಟು ಈ ಪರೀಕ್ಷಾ ಕೇಂದ್ರದ ಚಾಲಕನಾದಾಗ ಅವನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಬಲಗಾಲನ್ನು ಹೊಸದಾಗಿ ಪಳಗಿಸುವುದು. ವಿದ್ಯುತ್ ಕಾರಿನಲ್ಲಿ ನಿಧಾನ ಮಾಡಲು ಬ್ರೇಕ್ ಒತ್ತಲೇಬೇಕೆಂದಿಲ್ಲ. ಆಕ್ಸಿಲರೇಟರಿನಿಂದ ಕಾಲು ಎತ್ತಿದರೆ ಸಾಕು, ಓಡಿಸುತ್ತಿದ್ದ ಮೋಟರೇ ತಿರುವುಮುರುವಾಗಿ ಬ್ಯಾಟರಿ ತುಂಬಲು ತೊಡಗುತ್ತದೆ, ಹಾಗೆ ತುಂಬುತ್ತಾ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ಬ್ರೇಕಿನ ಪ್ಯಾಡಿಗೂ ಚಕ್ರದ ಡಿಸ್ಕಿಗೂ ಮುಟ್ಟಾಟವೇ ಇಲ್ಲ. ಮುಟ್ಟದಿದ್ದರೆ ಸವೆತವಿಲ್ಲ, ಸವೆಯದಿದ್ದರೆ ಧೂಳಿಲ್ಲ. ಆದರೆ ಎಷ್ಟು ಇಲ್ಲ? ಅದನ್ನು ತಿಳಿಯಲು ನಾಲ್ಕು ಕಾರುಗಳ ಎಡ ಮುಂಚಕ್ರಕ್ಕೆ ಡಬ್ಬಿಯಂಥ ಒಂದು ಕವಚ ಕಟ್ಟಿ, ಬ್ರೇಕಿನಿಂದ ಏಳುವ ಧೂಳನ್ನೆಲ್ಲ ಒಂದು ಬಿಳಿಯ ಫಿಲ್ಟರ್ ಹಾಳೆಯ ಮೇಲೆ ಎಳೆದುಕೊಳ್ಳುವಂತೆ ಮಾಡಿದ್ದರು. ನಾಲ್ವರು ಚಾಲಕರು, ಒಂದೇ ದಾರಿ, ಹೋಗುವಾಗ ಒಂದು ಹಾಳೆ, ಬರುವಾಗ ಇನ್ನೊಂದು. ಅಂಗೈಯ ನಡುವೆ ಕೂರುವಷ್ಟು ದುಂಡಗಿನ ಆ ಹಾಳೆಗಳನ್ನು ಹೋಗುವ ಮೊದಲು ತೂಗುವವಳೂ ಬಂದ ಮೇಲೆ ತೂಗುವವಳೂ ಅವಳೇ. ಅವಳ ತಕ್ಕಡಿ ಒಂದು ಉಪ್ಪಿನ ಹರಳನ್ನು ಐವತ್ತು ಪಾಲು ಮಾಡಿದರೆ ಅದರಲ್ಲೊಂದು ಪಾಲನ್ನು ತೂಗಬಲ್ಲದು. ಕೇಂದ್ರದಲ್ಲಿ ಎಲ್ಲರೂ ಅವಳನ್ನು ತಕ್ಕಡಿ ಮೇಡಂ ಎಂದು ಕರೆಯುತ್ತಿದ್ದರು. ಗಂಡನೂ ಬೇಕೆಂದೇ ಎಲ್ಲರೆದುರು ಹಾಗೇ ಕರೆದು ಅವಳ ಕಿವಿ ಕೆಂಪಾಗಿಸುತ್ತಿದ್ದ.

ಸಾಹೇಬರ ಕೋಣೆಯ ಬಾಗಿಲು ತೆರೆದಿತ್ತು. ಯೋಜನೆಯ ಮುಖ್ಯಸ್ಥರಾದ ಅವರು ಅವಳನ್ನು ಕಂಡೊಡನೆ ಎದ್ದು ನಿಂತರು. ಹನ್ನೆರಡು ವರ್ಷದಲ್ಲಿ ಅವಳಿಗಾಗಿ ಅವರು ಎದ್ದು ನಿಂತದ್ದು ಇದೇ ಮೊದಲು. ಮೇಜಿಗೂ ಕುರ್ಚಿಗೂ ನಡುವೆ ಸಿಕ್ಕಿ ಅರ್ಧ ಬಗ್ಗಿಯೇ ನಿಂತುಬಿಟ್ಟರು. "ಇನ್ನೂ ನಾಲ್ಕು ದಿನ ಇರಬಹುದಿತ್ತಲ್ಲಮ್ಮಾ."

"ಅವರ ಗಾಡಿಯ ಮೂರು ಡಬ್ಬಿ ಬಂದಿದೆಯಂತೆ."

"ಬಂದಿದೆ." ಅವರು ಕನ್ನಡಕ ತೆಗೆದರು. "ಅಪಘಾತದ ತನಿಖೆಯೋರು ಕಾರನ್ನ ಇನ್ನೂ ಬಿಟ್ಟಿಲ್ಲ. ಗಾಡಿಯೊಳಗಿನ ದಾಖಲೆ ಓದೋದಕ್ಕೆ ಇನ್ನೂ ಎರಡು ತಿಂಗಳು ಬೇಕು ಅಂದ್ರು. ಹಾಳೆ ಡಬ್ಬಿಗಳು ನಮ್ಮವು ಅಂತ ವಾಪಸ್ ಕಳಿಸಿದ್ದಾರೆ. ಸೀಲು ಹಾಗೇ ಇತ್ತು, ಚಕ್ರದಲ್ಲಿದ್ದ ಹಾಳೆಯನ್ನೂ ಅವರೇ ತೆಗೆದು ಡಬ್ಬಿಗೆ ಹಾಕಿ ಸೀಲ್ ಮಾಡಿದಾರೆ. ನಿನ್ನೆ ಬೆಳಿಗ್ಗೆನೇ ಬಿಚ್ಚಿಸಿ ತೂಕದ ಕೋಣೆಯಲ್ಲಿ ಇಡಿಸಿದೀನಿ. ಆದ್ರೆ ಆ ಹಾಳೆಗಳನ್ನ ಪಟ್ಟಿಯಿಂದ ಬಿಟ್ಟುಬಿಡೋಣ ಅಂತ ಇದೀನಿ. ನೀವು ತೂಗಬೇಕಾಗಿಲ್ಲ."

"ನಾನೇ ತೂಗ್ತೀನಿ ಸಾರ್."

"ಯಾಕಮ್ಮಾ ಸುಮ್ನೆ..."

"ತೂಗ್ತೀನಿ," ಎಂದಳು ಅವಳು. ದನಿ ಜೋರಾಯಿತೆಂದು ಅವಳಿಗೇ ಅನ್ನಿಸಿತು. ಸಾಹೇಬರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಅವರಿಗೆ ಏನು ಗೊತ್ತು? ಹೆಂಡತಿ ಗಂಡನ ಕೊನೆಯ ಕೆಲಸವನ್ನು ಕೈಯಾರೆ ಮುಗಿಸಲು ಬಯಸುತ್ತಿದ್ದಾಳೆ ಎಂದುಕೊಂಡಿರಬೇಕು. ಅಂಥ ಚಂದದ ಕಾರಣ ಯಾವುದೂ ಅವಳ ಬಳಿ ಇರಲಿಲ್ಲ. ಅವಳಿಗೆ ತಿಳಿಯಬೇಕಾಗಿದ್ದದ್ದು ಒಂದೇ: ಇಳಿಜಾರಿನ ಕೆಳಗೆ, ಗೋದಾಮಿನ ಗೇಟಿನಿಂದ ತುಂಬಿದ ಲಾರಿ ಅಡ್ಡ ಬಂದಾಗ, ಅವನು ಬ್ರೇಕಿನ ಮೇಲೆ ಕಾಲಿಟ್ಟಿದ್ದನೋ ಇಲ್ಲವೋ. ಇಡದಿದ್ದರೆ, ಅವನನ್ನು ಕೊಂದವಳು ತಾನು.

ತೂಕದ ಕೋಣೆಗೆ ಎರಡು ಬಾಗಿಲು. ಮೊದಲನೆಯದು ಮುಚ್ಚಿದ ಮೇಲೇ ಎರಡನೆಯದು ತೆರೆಯಬೇಕು. ನಡುವಿನ ಗೂಡಿನಂಥ ಜಾಗದಲ್ಲಿ ನಿಂತು ಪಾದಕ್ಕೆ ಚೀಲ, ತಲೆಗೆ ಟೋಪಿ, ಕೈಗೆ ಗವಸು ಹಾಕಿಕೊಳ್ಳುವಷ್ಟರಲ್ಲಿ ಹೊರಗಿನ ಸದ್ದೆಲ್ಲ ಹಿಂದೆ ಉಳಿಯುತ್ತದೆ. ಒಳಗೆ ವರ್ಷವಿಡೀ ಒಂದೇ ಉಷ್ಣತೆ, ಒಂದೇ ತೇವ. ಹಾಳೆ ಗಾಳಿಯ ತೇವವನ್ನು ಕುಡಿಯುತ್ತದೆ. ಆದ್ದರಿಂದ ಹೊರಗಿನಿಂದ ಬಂದ ಹಾಳೆಯನ್ನು ಇಲ್ಲಿ ಒಂದು ದಿನ, ಒಂದು ರಾತ್ರಿ ಬಿಚ್ಚಿಡಬೇಕು, ಕೋಣೆಯ ಹದಕ್ಕೆ ಬಂದ ಮೇಲೇ ತೂಗಬೇಕು. ಅಷ್ಟು ಸಾಲದೆಂದು ಪ್ರತಿ ಕಟ್ಟಿನ ಜೊತೆ ಒಂದು ಖಾಲಿ ಹಾಳೆಯೂ ಇರುತ್ತದೆ. ಅದು ಎಲ್ಲ ಹಾಳೆಗಳ ಜೊತೆ ಕಾರಿನಲ್ಲಿ ಹೋಗಿ ಬರುತ್ತದೆ, ಆದರೆ ಅದರ ಡಬ್ಬಿ ತೆರೆಯುವುದಿಲ್ಲ, ಅದರ ಮೇಲೆ ಧೂಳು ಬೀಳುವುದಿಲ್ಲ. ಅದರ ತೂಕ ಹೋಗುವಾಗ ಇದ್ದಷ್ಟೇ ಇರಬೇಕು. ಅದೇನಾದರೂ ಏರಿದ್ದರೆ ಏರಿದ್ದು ಧೂಳಲ್ಲ, ನೀರು; ಆ ದಿನದ ಅಂಕಿಗಳನ್ನು ಯಾರೂ ನಂಬಬಾರದು. ಹೊಸಬರಿಗೆ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠ ಇದೇ. ಎಷ್ಟೋ ಸಲ ಹೇಳಿದ್ದಳೆಂದರೆ, ಖಾಲಿ ಹಾಳೆಗೆ ಸುಳ್ಳು ಹೇಳುವುದಕ್ಕೆ ಕಾರಣವೇ ಇಲ್ಲ ಎಂಬ ಅವಳ ಮಾತನ್ನು ಕ್ಯಾಂಟೀನಿನಲ್ಲಿ ಅವಳದೇ ದನಿಯಲ್ಲಿ ಅಣಕಿಸುವವರೂ ಇದ್ದರು.

ಅಪಘಾತದ ಹಿಂದಿನ ದಿನ, ಆ ಗುರುವಾರ ಬೆಳಿಗ್ಗೆ, ಖಾಲಿ ಹಾಳೆ ಇನ್ನೂರ ಐವತ್ತು ಮೈಕ್ರೋಗ್ರಾಂ ಏರಿತ್ತು. ಬುಧವಾರ ಸಂಜೆಯಿಂದ ಬಿಡದ ಮಳೆ, ತೇವವನ್ನು ಒಂದೇ ಹದದಲ್ಲಿಡುವ ಯಂತ್ರ ಯಾವಾಗಲೋ ಕೆಟ್ಟು ನಿಂತಿತ್ತು. ಉಳಿದ ಮೂವರ ಹಾಳೆಗಳನ್ನು ವಾರದ ಮೊದಲೇ ತೂಗಿ ಮುಗಿಸಿದ್ದಳು; ಗಂಡನ ಕಟ್ಟು ಮಾತ್ರ ಎಲ್ಲಕ್ಕಿಂತ ಕೊನೆಗೆ, ಬುಧವಾರ ಬೆಳಿಗ್ಗೆ ಬಂದದ್ದು. ಕೋಣೆಗೆ ಕಾಲಿಟ್ಟಾಗಲೇ ಗಾಳಿ ಚರ್ಮಕ್ಕೆ ಅಂಟಿತ್ತು. ತೂಗಿದಳು. ಮೂವರದ್ದು ಎಂಬತ್ತರ ಆಸುಪಾಸು ಇದ್ದರೆ ಅವನ ಹಾಳೆ ಮುನ್ನೂರ ಮೂವತ್ತು. ಖಾಲಿ ಹಾಳೆಯನ್ನೂ ತೂಗಿದಳು, ಕಂಡಳು, ಬಂದ ಅಂಕಿಯನ್ನು ಪುಸ್ತಕದಲ್ಲಿ ಬರೆದಳು. ಕೈಗೆ ಅಭ್ಯಾಸವಾಗಿತ್ತು, ಕೈ ಸತ್ಯವನ್ನೇ ಬರೆಯಿತು. ಅದರ ಮುಂದೆ 'ತಡೆಹಿಡಿದಿದೆ' ಎಂಬ ಒಂದು ಪದ ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಹನ್ನೊಂದಕ್ಕೆ ಹಣ ಕೊಡುವ ಕಂಪನಿಯವರು ಬರುವವರಿದ್ದರು, ನಾಲ್ಕೂ ಗಾಡಿಯ ಅಂಕಿ ಬೇಕೇ ಬೇಕು ಎಂದು ಸಾಹೇಬರು ಎರಡು ಸಲ ಹೇಳಿಕಳಿಸಿದ್ದರು. ಹಿಂದಿನ ತಿಂಗಳು ಒಂದು ಕಟ್ಟನ್ನು ಹೀಗೇ ತಡೆಹಿಡಿದಾಗ ಅವಳ ಅರ್ಧ ವಯಸ್ಸಿನ ಇಂಜಿನಿಯರೊಬ್ಬ ಎಲ್ಲರೆದುರು, ಮೇಡಂ, ನಿಮ್ಮ ಕೋಣೆಗೆ ಶೀತ ಆದ್ರೆ ನಮ್ಮ ಯೋಜನೆಯೇ ಮಲಗಬೇಕಾ ಎಂದು ಕೇಳಿದ್ದ. ಎಲ್ಲರೂ ನಕ್ಕಿದ್ದರು. ಆ ನಗು ಇನ್ನೊಮ್ಮೆ ಬೇಡವಾಗಿತ್ತು. ಇಷ್ಟಕ್ಕೆ. ಇಷ್ಟೇ ಇಷ್ಟಕ್ಕೆ ಅವಳು ಆ ಹಾಳೆಗಳ ಅಂಕಿಯನ್ನು ಚೀಟಿಗೆ ಇಳಿಸಿಕೊಂಡು ಸಭೆಗೆ ಹೋದಳು.

ಸಭೆಯಲ್ಲಿ ನಾಲ್ವರು ಚಾಲಕರನ್ನೂ ಗೋಡೆಯ ಪಕ್ಕ ನಿಲ್ಲಿಸಿದ್ದರು. ಅವಳು ಓದಿದಳು. ಎಂಬತ್ತೆರಡು, ಎಪ್ಪತ್ತೊಂಬತ್ತು, ಎಂಬತ್ತು. ನಾಲ್ಕನೆಯದನ್ನು ಓದುವ ಮೊದಲು ನೀರು ಕುಡಿದಳು, ಅದು ಚೆನ್ನಾಗಿ ನೆನಪಿದೆ. ಮುನ್ನೂರ ಮೂವತ್ತು. ಕಂಪನಿಯವರೊಬ್ಬರು ಹುಬ್ಬೇರಿಸಿದರು. ಎರಡನೇ ಗಾಡಿಯ ಮೀಸೆಯವನು, ಯಾವಾಗಲೂ ಏನಾದರೊಂದು ಅನ್ನದಿದ್ದರೆ ತಿಂದದ್ದು ಅರಗದವನು, "ಬಸ್ಸು ಓಡಿಸಿದ ಕಾಲು ಸಾರ್, ಸ್ವಲ್ಪ ಭಾರ," ಅಂದ. ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ಅವಳೂ ನಕ್ಕಳು. ನಗದೇ ಇದ್ದಿದ್ದರೆ ಹೆಂಡತಿ ಗಂಡನ ಪರ ಎಂದುಕೊಂಡಾರು ಎಂದು ಆಗ ತನಗೆ ತಾನೇ ಹೇಳಿಕೊಂಡಿದ್ದಳು; ಈಗ ಗವಸಿನೊಳಗೆ ಬೆವರುವ ಬೆರಳುಗಳನ್ನು ಬಿಡಿಸುತ್ತಾ ನೋಡಿದರೆ ಅದೂ ನಿಜವಲ್ಲ, ಆ ಹೊತ್ತಿನಲ್ಲಿ ನಗುವವರ ಕಡೆ ಇರುವುದು ಹಿತವಾಗಿತ್ತು, ಅಷ್ಟೇ. ಅವನು ಗೋಡೆಗೆ ಒರಗಿ ನಿಂತು ತನ್ನ ಬಲಗಾಲನ್ನು ನೋಡಿಕೊಂಡ. ತಿರುಗಿಸಿ, ಮುರುಗಿಸಿ, ಕೆಟ್ಟ ಯಂತ್ರವನ್ನು ನೋಡುವ ಹಾಗೆ ನೋಡಿಕೊಂಡು, ಎಲ್ಲರ ಜೊತೆ ತಾನೂ ನಕ್ಕ.

ಚಿಮಟ ಒರೆಸಿದಳು. ತಕ್ಕಡಿಯನ್ನು ಹೊತ್ತ ಕಲ್ಲಿನ ಮೇಜಿಗೆ ಮೊಣಕೈ ತಾಗದಂತೆ ಕೂತಳು. ಮೇಜಿನ ಮೇಲೆ ಮುಚ್ಚಳ ತೆರೆದ ಮೂರು ಗಾಜಿನ ತಟ್ಟೆಗಳು: ಹೋಗುವಾಗಿನದು, ಬರುವಾಗಿನದು, ಖಾಲಿ. ಡಬ್ಬಿಗಳ ಮೇಲೆ ಅವಳದೇ ಅಕ್ಷರ, ಅವನದೇ ಗಾಡಿಯ ಸಂಖ್ಯೆ. ತೇವದ ಯಂತ್ರ ಸರಿಯಾಗಿ ಗುನುಗುತ್ತಿತ್ತು. ಉಸಿರು ತಕ್ಕಡಿಗೆ ತಾಗಬಾರದೆಂದು ಮುಖ ಪಕ್ಕಕ್ಕೆ ತಿರುಗಿಸಿ ಉಸಿರಾಡುವುದು ಅವಳಿಗೆ ಎಷ್ಟು ರೂಢಿಯೆಂದರೆ ಮನೆಯಲ್ಲಿ ಮಾತಾಡುವಾಗಲೂ ಹಾಗೇ ಮಾಡುತ್ತಿದ್ದಳು. ಏನೇ, ನಾನೇನು ಹಾಳೆಯಾ, ನೇರ ನೋಡಿ ಮಾತಾಡು ಎಂದು ಅವನು ಗಲ್ಲ ಹಿಡಿದು ತಿರುಗಿಸುತ್ತಿದ್ದ. ಗುರುವಾರ ಸಂಜೆ ಅವನು ಹಾಗೆ ತಿರುಗಿಸಲಿಲ್ಲ. ಆರೂವರೆಗೆ ಬಂದ, ಕೈಕಾಲು ತೊಳೆದ, ಅಮ್ಮನ ಜೊತೆ ಎರಡು ಮಾತಾಡಿದ. ತಟ್ಟೆ ಮುಂದೆ ಕೂತ. ಅವಳು ಬಡಿಸುತ್ತಾ ಒಳಗೇ ಒಂದು ವಾಕ್ಯವನ್ನು ಉರು ಹೊಡೆಯುತ್ತಿದ್ದಳು: ರೀ, ಇವತ್ತಿನ ಅಂಕಿ ತಪ್ಪು, ಖಾಲಿ ಹಾಳೆಯೂ ಏರಿತ್ತು, ನಿಮ್ಮದೂ ಎಂಬತ್ತೇ. ಅವನು ರೇಗಿದ್ದರೆ ಹೇಳಿಬಿಡುತ್ತಿದ್ದಳು. ಯಾಕೆ ಹಾಗೆ ನಕ್ಕೆ ಎಂದು ಕೇಳಿದ್ದರೂ ಹೇಳುತ್ತಿದ್ದಳು. ಅವನು ರೇಗಲಿಲ್ಲ, ಕೇಳಲೂ ಇಲ್ಲ. ತಟ್ಟೆಯನ್ನೇ ನೋಡುತ್ತಾ, "ನಾಳೆಯಿಂದ ಬ್ರೇಕೇ ಮುಟ್ಟಲ್ಲ ಕಣೇ. ನೋಡ್ತಿರು ಬೇಕಾದ್ರೆ, ಹಾಳೆ ಹೋದ ಹಾಗೇ ವಾಪಸ್ ಬರುತ್ತೆ," ಎಂದ.

"ಸಾಕು ಸುಮ್ನಿರಿ. ಅಷ್ಟು ದೊಡ್ಡದು ಮಾಡೋದೇನಿದೆ ಅದರಲ್ಲಿ?" ಎಂದಳು ಅವಳು.

"ದೊಡ್ಡದು ಮಾಡ್ತಿಲ್ಲಪ್ಪಾ. ಭಾರದ ಕಾಲು ನಂದು, ಹಗುರ ಮಾಡ್ಕೋತೀನಿ ಅಂದೆ, ಅಷ್ಟೆ."

ಅವನು ತನ್ನ ತಟ್ಟೆ ತಾನೇ ತೊಳೆದಿಟ್ಟ. ಅವಳಿಗೆ ಸಿಟ್ಟು ಬಂತು. ತಪ್ಪು ತನ್ನದಾದಾಗ ಎದುರಿನವರು ಒಳ್ಳೆಯವರಾಗಿ ನಡೆದುಕೊಂಡರೆ ಬರುವ ಸಿಟ್ಟು ಅದು, ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಶನಿವಾರ ಹಾಳೆಗಳನ್ನು ಮತ್ತೆ ತೂಗಿ, ಸರಿಯಾದ ಅಂಕಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದರಾಯಿತು ಎಂದುಕೊಂಡಳು. ಶನಿವಾರ ಎಂಬುದೊಂದು ಬಂದೇ ಬರುತ್ತದೆ ಎಂದು ಅಷ್ಟು ಧೈರ್ಯ ಅವಳಿಗೆ. ಶುಕ್ರವಾರ ಬೆಳಿಗ್ಗೆ ಹಾಳೆ ಕೊಡುವ ಕಿಂಡಿಯ ಆಚೆ ಅವನು ಬಂದು ನಿಂತಾಗ ಇನ್ನೊಂದು ಸಲ ಬಾಯಿಗೆ ಬಂದಿತ್ತು. ಹಿಂದೆ ಮೀಸೆಯವನು ನಿಂತಿದ್ದ. ಮೂರು ಡಬ್ಬಿಗಳನ್ನು ಮುಂದೆ ತಳ್ಳಿದಳು. ಅವನು ಸಹಿ ಹಾಕಿ, ಏನೋ ಹೇಳಲಿದ್ದಾಳೆಂದು ಅನ್ನಿಸಿದವನಂತೆ ಒಂದು ಗಳಿಗೆ ಹೆಚ್ಚಾಗಿಯೇ ನಿಂತ. "ಸೀಲ್ ಸರಿಯಾಗಿ ಹಾಕಿ," ಎಂದಳು. ಹದಿನಾರು ವರ್ಷ ಜೊತೆಗೆ ಬಾಳಿದವನಿಗೆ ಆಡಿದ ಕೊನೆಯ ಮಾತು ಅದು.

ಮೊದಲು ಖಾಲಿ ಹಾಳೆ ತೂಗಿದಳು. ಎರಡು ಮೈಕ್ರೋಗ್ರಾಂ ವ್ಯತ್ಯಾಸ. ಎಂದರೆ ಏನೂ ಇಲ್ಲ. ಕೋಣೆ ಇವತ್ತು ನಿಜ ಹೇಳುತ್ತದೆ. ಹೋಗುವಾಗಿನ ಹಾಳೆಯನ್ನು ಚಿಮಟದಲ್ಲಿ ಎತ್ತಿದಳು. ಬೆಳಕಿಗೆ ಹಿಡಿದರೆ ನಡುವೆ ಮಾಸಲು ಬೂದು ಬಣ್ಣ ಇತ್ತೋ, ಇದೆಯೆಂದು ತನಗೆ ಅನ್ನಿಸುತ್ತಿತ್ತೋ. ಕಣ್ಣನ್ನು ನಂಬುವ ಕೆಲಸವಲ್ಲ ಇದು. ಗಾಜಿನ ಪುಟ್ಟ ಬಾಗಿಲು ಸರಿಸಿ ಹಾಳೆಯನ್ನು ತಟ್ಟೆಯ ಮೇಲಿಟ್ಟು ಬಾಗಿಲು ಮುಚ್ಚಿದಳು. ಅಂಕಿಗಳು ಓಡತೊಡಗಿದವು. ಆ ದಾರಿ ಅವಳ ಕಣ್ಣೆದುರಿಗೆ ಬಂತು. ಒಂದು ಸಲ ಅವನ ಪಕ್ಕದಲ್ಲಿ ಕೂತು ಹೋಗಿಬಂದಿದ್ದಳು. ಶಾಲೆಯ ಮುಂದಿನ ಉಬ್ಬು, ರೈಲ್ವೆ ಗೇಟು, ಎರಡು ಸಿಗ್ನಲ್ಲು, ಕೆರೆಯ ತಿರುವು. ಪ್ರತಿಯೊಂದರಲ್ಲೂ ಕೊನೆಯ ಗಳಿಗೆಯಲ್ಲಿ ಅವನ ಕಾಲು ಬ್ರೇಕನ್ನು ಮೆಲ್ಲಗೆ ತಾಗುತ್ತಿತ್ತು. ಪೂರ್ತಿ ಮೋಟರಿಗೇ ಬಿಡಬಾರದು ಕಣೇ, ಜನ ದಾಟ್ತಾ ಇರೋ ಜಾಗದಲ್ಲಿ ಕಾಲು ಅದರ ಮೇಲೇ ಇರಬೇಕು, ಧೂಳಾದ್ರೆ ಆಗಲಿ ಅಂದಿದ್ದ. ಆ ದಿನ ಅವನು ಆ ಕಾಲನ್ನು ತಡೆದಿದ್ದರೆ, ಶಾಲೆಯ ಮುಂದೂ ತಡೆದಿದ್ದರೆ, ಹಾಳೆ ಹೋದ ಹಾಗೇ ಬಂದಿರುತ್ತದೆ. ಹೆಂಡತಿ ಓದಿದ ಒಂದು ಸುಳ್ಳು ಅಂಕಿಗಾಗಿ ಅವನು ಇಡೀ ದಾರಿ ಹಲ್ಲು ಕಚ್ಚಿ ಕೂತಿದ್ದನೆಂದು ಅರ್ಥ. ಅಂಕಿಗಳು ನಿಂತವು. ಹೋಗುವ ಮೊದಲಿನ ತೂಕವನ್ನು ಕಳೆದಳು. ಎಂಬತ್ತೊಂದು.

ಇನ್ನೊಮ್ಮೆ ತೂಗಿದಳು. ಎಂಬತ್ತೊಂದು. ಮೂರನೇ ಸಲ ಎಂಬತ್ತು. ಕುರ್ಚಿಯ ಬೆನ್ನಿಗೆ ಒರಗಿದಳು. ಅವನು ಎಂದಿನ ಹಾಗೇ ಓಡಿಸಿದ್ದ. ಶಾಲೆಯ ಮುಂದೆ ಮುಟ್ಟಿದ್ದ, ಗೇಟಿನ ಬಳಿ ಮುಟ್ಟಿದ್ದ, ಕೊಟ್ಟ ಮಾತನ್ನು ಗಾಳಿಗೆ ತೂರಿ ಮನಸ್ಸಿಗೆ ಬಂದಲ್ಲೆಲ್ಲ ಮುಟ್ಟಿದ್ದ. ಮಾಡ್ತೀನಿ ಅಂದದ್ದನ್ನು ಬಿಡದವನು ಅದೊಂದನ್ನು ಮಾತ್ರ ಬಿಟ್ಟಿದ್ದ. ಬರುವಾಗಿನ ಹಾಳೆಯನ್ನು ಎತ್ತಿ ತಕ್ಕಡಿಗಿಟ್ಟಳು. ಅದರಲ್ಲಿ ಕಣ್ಣಿಗೇ ಕಾಣುವ ಕಪ್ಪಿತ್ತು. ಸಾವಿರದ ನೂರ ನಲವತ್ತು. ಇಡೀ ಯೋಜನೆಯಲ್ಲಿ ಯಾವ ಹಾಳೆಯೂ ಹೊತ್ತು ತಾರದ ಭಾರ. ಕಾಲಿನಲ್ಲಿ ಎಷ್ಟು ಬಲವಿತ್ತೋ ಅಷ್ಟನ್ನೂ ಹಾಕಿ ಬ್ರೇಕ್ ಒತ್ತಿದ್ದ ಅವನು. ನಿಲ್ಲಿಸಲು ನೋಡಿದ್ದ. ಮನೆಗೆ ಬರಲು ನೋಡಿದ್ದ. ಅವಳು ಮುಖವನ್ನು ಪಕ್ಕಕ್ಕೆ ತಿರುಗಿಸಿ ಅತ್ತಳು. ಹದಿನೇಳು ದಿನದಲ್ಲಿ ಮೊದಲ ಬಾರಿಗೆ ಎದೆಯಿಂದ ಏನೋ ಇಳಿದಂತಾಗಿ, ಹಾಗೆ ಇಳಿದದ್ದಕ್ಕೆ ನಾಚಿಕೆಯಾಗಿ, ಗಂಡನನ್ನು ಕಳೆದುಕೊಂಡವಳು ತನ್ನ ತಪ್ಪಲ್ಲವೆಂದು ಹಗುರಾಗುತ್ತಾಳಲ್ಲ ಎಂದು ತನ್ನನ್ನೇ ಹಳಿದುಕೊಂಡು, ಮತ್ತೂ ಅತ್ತಳು. ತಕ್ಕಡಿ ಅವಳ ಅಳುವಿಗೆ ಅಲುಗಿ ಅಂಕಿಗಳನ್ನು ಹಿಂದೆ ಮುಂದೆ ಓಡಿಸುತ್ತಿತ್ತು.

ಒಳ ಬಾಗಿಲಿನ ಗಾಜಿನಾಚೆ ಸಾಹೇಬರು ಯಾವಾಗ ಬಂದು ನಿಂತಿದ್ದರೋ. ಟೋಪಿಯನ್ನು ಕಿವಿಯ ಮೇಲೆ ಓರೆಯಾಗಿ ಸಿಕ್ಕಿಸಿಕೊಂಡು ಒಳಗೆ ಬಂದರು, ಅವಳ ಪುಸ್ತಕದಲ್ಲಿನ ಅಂಕಿಗಳನ್ನು ನೋಡಿದರು. "ಬ್ರೇಕ್ ಹಾಕಿದಾರೆ," ಎಂದರು ಮೆಲ್ಲಗೆ. "ಪೂರ್ತಿ ಹಾಕಿದಾರೆ. ಲಾರಿಯೋನು ನೋಡದೇ ಹೊರಗೆ ಬಂದಿದಾನೆ ಅಷ್ಟೆ. ಇದನ್ನ ನಾನು ತನಿಖೆಯೋರಿಗೂ ಬರೆದು ಕಳಿಸ್ತೀನಮ್ಮಾ."

ಈಗ ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಕೇಳಬೇಕಾಗಿದ್ದವನು ಇರಲಿಲ್ಲ, ಕೇಳಿಸಿಕೊಳ್ಳಲು ಇವರಾದರೂ ಇದ್ದರು. "ಸಾರ್, ಗುರುವಾರ ನಾನು ಸಭೆಯಲ್ಲಿ ಓದಿದ ಅಂಕಿ ತಪ್ಪು. ಅವರದ್ದು ಮುನ್ನೂರ ಮೂವತ್ತು ಅಲ್ಲ. ಅವತ್ತು ಖಾಲಿ ಹಾಳೆಯೂ..."

"ಇನ್ನೂರ ಐವತ್ತು ಏರಿತ್ತು. ಗೊತ್ತಮ್ಮಾ." ಸಾಹೇಬರು ಖಾಲಿ ಕುರ್ಚಿಯ ಬೆನ್ನು ಹಿಡಿದು ನಿಂತರು. "ಅವತ್ತು ಸಂಜೆ ಪುಸ್ತಕ ತಿರುವಿ ಹಾಕುವಾಗ ನನ್ನ ಕಣ್ಣಿಗೆ ಬಿತ್ತು. ನೀವೇ ಬರೆದಿದ್ರಿ, ಗಡಿಬಿಡಿಯಲ್ಲಿ ಗಮನಿಸಿಲ್ಲ ಅಂದ್ಕೊಂಡೆ. ನಾಲ್ಕು ಜನರ ಮುಂದೆ ಅವರನ್ನ ಆಡ್ಕೊಂಡು ನಕ್ಕಿದ್ವಲ್ಲ, ಮನಸ್ಸು ತಡೀಲಿಲ್ಲ. ಆಗಲೇ ಅವರಿಗೆ ಫೋನ್ ಮಾಡಿದೆ. ಐದೂವರೆ ಇರಬಹುದು."

ಐದೂವರೆ. ಅವನು ಮನೆಗೆ ಬಂದದ್ದು ಆರೂವರೆಗೆ. ತಟ್ಟೆಯ ಮುಂದೆ ಕೂತಾಗ, ಭಾರದ ಕಾಲು ನಂದು ಎಂದಾಗ, ಅವನಿಗೆ ಎಲ್ಲ ಗೊತ್ತಿತ್ತು.

"ನಾಳೆ ಎಲ್ಲರ ಮುಂದೆ ಸರಿ ಮಾಡ್ತೀನಿ ಅಂದೆ," ಸಾಹೇಬರು ಹೇಳುತ್ತಿದ್ದರು. "ಬೇಡವೇ ಬೇಡ ಅಂದುಬಿಟ್ರು. ಅವಳಿಗೆ ಗೊತ್ತಾಗೋದು ಬೇಡ ಸಾರ್, ಕೆಲಸದಲ್ಲಿ ತಪ್ಪಾಯ್ತು ಅಂದ್ರೆ ಅವಳು ಊಟ ಬಿಟ್ಟುಬಿಡ್ತಾಳೆ. ಕಾಲು ಭಾರ ಅಂತ ನಾನೇ ಒಪ್ಕೋತೀನಿ, ನಾಳೆಯಿಂದ ಹುಷಾರಾಗಿ ಓಡಿಸ್ತೀನಿ ಅಂದ್ರೆ ನಂಬ್ತಾಳೆ, ವಾರದಲ್ಲಿ ಎಲ್ಲರೂ ಮರೀತಾರೆ ಅಂದ್ರು. ಅದಕ್ಕೇ ನಾನೂ ಸುಮ್ನಿದ್ದೆ. ವರದಿಯಲ್ಲಿ ಮಾತ್ರ ತಿದ್ದಿದೀನಿ." ಅವರು ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸತೊಡಗಿದರು, ಎಷ್ಟು ಒರೆಸಿದರೂ ಮುಗಿಯಲೊಲ್ಲದು. "ಇನ್ನೊಂದು ಮಾತೂ ಅಂದ್ರು. ಫೋನ್ ಇಡೋ ಮುಂಚೆ. ತಪ್ಪು ತಿಳ್ಕೋಬೇಡಿ ಸಾರ್, ಗೊತ್ತಿದ್ದೂ ಸುಳ್ಳು ಓದೋಳಲ್ಲ ನನ್ನ ಹೆಂಡ್ತಿ, ಅಂತ."

ಯಂತ್ರ ಗುನುಗುತ್ತಿತ್ತು. ಅವಳು ಗವಸು ಬಿಚ್ಚಿದಳು, ಒಂದು ಕೈಯದು, ಆಮೇಲೆ ಇನ್ನೊಂದರದು. ತಾನು ಮುಚ್ಚಿಟ್ಟದ್ದನ್ನೇ ಅವನೂ ಮುಚ್ಚಿಟ್ಟಿದ್ದ, ಒಂದೇ ದೀಪದ ಕೆಳಗೆ, ಎದುರುಬದುರು ಕೂತು. ತಾನು ತನ್ನ ಮುಖ ಉಳಿಸಿಕೊಳ್ಳಲು, ಅವನು ತನ್ನ ಹೆಂಡತಿಯ ಮುಖ ಉಳಿಸಲು. ಹಾಳೆಗಳು ಅವಳನ್ನು ಬಿಡುಗಡೆ ಮಾಡಿದ್ದವು. ಅವನು ಮಾಡಲಿಲ್ಲ. ತೀರಾ ಕೊನೆಯವರೆಗೂ ಅವಳನ್ನು ನಂಬಿಯೇ ಹೋಗಿಬಿಟ್ಟಿದ್ದ.

"ನನಗೆ ಗೊತ್ತಿತ್ತು ಸಾರ್," ಎಂದಳು.

ಸಾಹೇಬರು ಕನ್ನಡಕ ಒರೆಸುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಏನು ಗೊತ್ತಿತ್ತಮ್ಮಾ?"